ಮುಡಿಯ ಹಗ್ಗ, ಬಂಪರಿನ ಭಾರ

ಸೆಗಣಿ, ಕುಂಕುಮ, ಸೂಜಿ, ತಲೆಗೂದಲು, ಡಾಂಬರು ಡ್ರಮ್ಮು: ಭದ್ರಾವತಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಕೆಲಸ ಮಾಡುವ ಶೀಲಾ ಗೌಡ ಅವರ ಶಿಲ್ಪಗಳಲ್ಲಿ ಮನುಷ್ಯರ ಮೂರ್ತಿ ಸಿಗುವುದು ಅಪರೂಪ. ಆದರೂ ಅವೆಲ್ಲ ಮನುಷ್ಯರ ಮೈಯನ್ನೇ ಕುರಿತ ಶಿಲ್ಪಗಳು.

ಹೊಸ ಲಾರಿಯಾಗಲಿ ಕಾರಾಗಲಿ, ರಸ್ತೆಗಿಳಿಯುವ ಮುನ್ನ ನಮ್ಮಲ್ಲಿ ನಡೆಯುವ ಶಾಸ್ತ್ರ ಎಲ್ಲರಿಗೂ ಗೊತ್ತಿದ್ದದ್ದೇ. ಚಕ್ರದಡಿ ನಿಂಬೆಹಣ್ಣು, ಬಾನೆಟ್ಟಿನ ಮೇಲೆ ಅರಿಶಿನ ಕುಂಕುಮ, ಎದುರಿಗೆ ಒಡೆದ ಬೂದುಗುಂಬಳ. ಇದರ ಜೊತೆಗೆ ಬಂಪರಿಗೊಂದು ಕಪ್ಪು ಹಗ್ಗ ಸುತ್ತುವವರೂ ಇದ್ದಾರೆ. ದೂರದಿಂದ ಉಣ್ಣೆಯ ಹುರಿಯ ಹಾಗೆ ಕಾಣುವ ಈ ಹಗ್ಗವನ್ನು ಕೈಯಲ್ಲಿ ಹಿಡಿದರೆ ಗೊತ್ತಾಗುತ್ತದೆ, ಅದು ಮನುಷ್ಯರ ತಲೆಗೂದಲು. ದೃಷ್ಟಿ ತಾಗದಿರಲಿ, ಅಪಘಾತವಾಗದಿರಲಿ ಎಂದು ಅದನ್ನು ಕಟ್ಟುತ್ತಾರೆ. ಟನ್ನುಗಟ್ಟಲೆ ತೂಗುವ ಯಂತ್ರವನ್ನು ಕಾಯುವ ಹೊಣೆ ಯಾರೋ ಗುರುತಿಲ್ಲದವರ ಒಂದು ಹಿಡಿ ಕೂದಲಿನದು.

ಶೀಲಾ ಗೌಡ ಈ ಹಗ್ಗವನ್ನೇ ಎತ್ತಿಕೊಂಡು ಒಂದು ದೊಡ್ಡ ಶಿಲ್ಪ ಕಟ್ಟಿದರು. ಹೆಸರು ‘ಬಿಹೋಲ್ಡ್’. 2009ರಲ್ಲಿ 53ನೇ ವೆನಿಸ್ ಬಿನಾಲೆ ಕಲಾಮೇಳದಲ್ಲಿ ಅದು ಪ್ರದರ್ಶನಗೊಂಡಿತು. ಈಗ ಲಂಡನ್ನಿನ ಟೇಟ್ ಸಂಗ್ರಹಾಲಯದ ಸ್ವತ್ತು. ಅದರಲ್ಲಿ ಇರುವುದು ಎರಡೇ ವಸ್ತು. ಒಂದು, ಸುಮಾರು 4 ಕಿಲೋಮೀಟರ್ ಉದ್ದದ ಕೂದಲ ಹಗ್ಗ. ಇನ್ನೊಂದು, ಥಳಥಳ ಹೊಳೆಯುವ 20 ಉಕ್ಕಿನ ಬಂಪರುಗಳು. ಬಂಪರುಗಳು ಗೋಡೆಯ ಉದ್ದಕ್ಕೂ ಬೇರೆ ಬೇರೆ ಎತ್ತರದಲ್ಲಿ ತೂಗುತ್ತವೆ. ಅವನ್ನು ಎತ್ತಿ ಹಿಡಿದಿರುವುದು ಕೂದಲು. ಹಗ್ಗ ಕೆಲವೆಡೆ ಬಿಗಿದು ನಿಂತಿದೆ, ಕೆಲವೆಡೆ ಜೋಲುಬಿದ್ದಿದೆ, ಉಳಿದದ್ದು ನೆಲದ ಮೇಲೆ ಗುಡ್ಡೆಗುಡ್ಡೆಯಾಗಿ ಸಿಕ್ಕುಬಿದ್ದುಕೊಂಡಿದೆ.

ಈ ಕೋಣೆಯಲ್ಲಿ ಕಣ್ಣು ಮೂಗು ಕೈಕಾಲು ಯಾವುದೂ ಇಲ್ಲ. ಆದರೆ ಅಲ್ಲಿ ತುಂಬಿಕೊಂಡಿರುವುದು ನಿಜವಾದ ಮನುಷ್ಯರ ಮೈಯಿಂದಲೇ ಬಂದದ್ದು. ಎಷ್ಟು ಸಾವಿರ ಜನರ ತಲೆಯ ಭಾಗ ಆ ಹಗ್ಗದಲ್ಲಿ ಹೊಸೆದುಕೊಂಡಿದೆಯೋ ಲೆಕ್ಕವಿಟ್ಟವರಿಲ್ಲ. ಶಿಲ್ಪಿಯೊಬ್ಬರು ದೇಹವನ್ನು ಕಡೆದು ತೋರಿಸುವುದಕ್ಕೂ ದೇಹವನ್ನೇ ಸಾಮಗ್ರಿಯಾಗಿ ತಂದು ಮುಂದಿಡುವುದಕ್ಕೂ ಏನು ವ್ಯತ್ಯಾಸ ಎಂಬುದು ಶೀಲಾ ಅವರ ಸುಮಾರು ಮೂವತ್ತು ವರ್ಷದ ಕೆಲಸವನ್ನು ನೋಡಿದಾಗ ನಿಚ್ಚಳವಾಗುತ್ತದೆ.

ಕೊಟ್ಟ ಮುಡಿ, ಕಿತ್ತುಕೊಂಡ ಮುಡಿ

ಮೊದಲು ಈ ಸಾಮಗ್ರಿ ಎಂಥದ್ದೆಂದು ನೋಡೋಣ. ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲಿರುತ್ತವೆ. ಒಂದೊಂದೂ ವರ್ಷಕ್ಕೆ 15 ಸೆಂಟಿಮೀಟರಿನಷ್ಟು ಬೆಳೆಯುತ್ತದೆ. ಮೊಳದುದ್ದದ ಜಡೆ ಎಂದರೆ ಮೂರು ವರ್ಷ ಒಬ್ಬರ ಮೈ ದುಡಿದು ಬೆಳೆಸಿದ್ದು. ಕೆರಾಟಿನ್ ಎಂಬ ಪ್ರೋಟೀನಿನಿಂದಾದ ಈ ಎಳೆ ನೋಡಲು ಬಡವಾದರೂ ಗಟ್ಟಿ. ಒಂದೇ ಒಂದು ಕೂದಲು ಸುಮಾರು 100 ಗ್ರಾಂ ತೂಕ ತಡೆಯಬಲ್ಲದು. ಸಾವಿರಾರು ಎಳೆ ಸೇರಿಸಿ ಹೊಸೆದ ಹಗ್ಗ ಉಕ್ಕಿನ ಬಂಪರನ್ನು ಹೊರುವುದರಲ್ಲಿ ಪವಾಡವೇನೂ ಇಲ್ಲ. ನೋಡುವವರ ಕಣ್ಣಿಗೆ ಮಾತ್ರ ಅದು ಈಗಲೋ ಆಗಲೋ ಹರಿದುಬೀಳುವಂತೆ ಕಾಣುತ್ತದೆ. ಆ ಅಳುಕೇ ಕೃತಿಯ ಜೀವ.

ಇಷ್ಟೊಂದು ಕೂದಲು ಬರುವುದೆಲ್ಲಿಂದ? ಮುಡಿ ಕೊಡುವ ಹರಕೆ ನಮ್ಮಲ್ಲಿ ಮನೆಮನೆಯ ಮಾತು. ಮಗುವಿನ ಮೊದಲ ಕೂದಲು ತಿಮ್ಮಪ್ಪನಿಗೋ ಮಾದಪ್ಪನಿಗೋ ಮಂಜುನಾಥನಿಗೋ ಸಲ್ಲುತ್ತದೆ. ಕಾಯಿಲೆ ವಾಸಿಯಾದರೆ, ಸಾಲ ತೀರಿದರೆ, ಮಗಳ ಮದುವೆ ನಿಂತಲ್ಲಿಂದ ಮುಂದೆ ಹೋದರೆ ಹೆಂಗಸರೂ ಮುಡಿ ಕೊಡುತ್ತಾರೆ. ತಿರುಮಲದ ಕಲ್ಯಾಣಕಟ್ಟೆಯಲ್ಲಿ ಹಗಲು ರಾತ್ರಿ ಕತ್ತಿ ಆಡುತ್ತಲೇ ಇರುತ್ತದೆ. ಹಾಗೆ ಬಿದ್ದ ಕೂದಲನ್ನು ಉದ್ದಕ್ಕೆ ತಕ್ಕಂತೆ ವಿಂಗಡಿಸಿ ಹರಾಜು ಹಾಕುತ್ತಾರೆ. ಉದ್ದ ಕೂದಲಿಗೆ ವಿದೇಶದ ವಿಗ್ ಮಾರುಕಟ್ಟೆಯಲ್ಲಿ ಒಳ್ಳೆಯ ಬೆಲೆ. ತುಂಡು ಕೂದಲಿಗೆ ಆ ಯೋಗವಿಲ್ಲ. ಅದರಲ್ಲಿ ಒಂದಿಷ್ಟು ಕಾರ್ಖಾನೆಗೆ ಹೋಗಿ ಸಿಸ್ಟೀನ್ ಎಂಬ ಅಮೈನೋ ಆಮ್ಲವಾಗುತ್ತದೆ, ಒಂದಿಷ್ಟು ಹಗ್ಗವಾಗಿ ಲಾರಿಯ ಬಂಪರಿಗೆ ಬರುತ್ತದೆ.

ಮುಡಿ ಎಲ್ಲಿಗೆ ಹೋದರೂ ತನ್ನ ಹಿಂದಿನ ಕತೆಯನ್ನು ಬಿಡುವುದಿಲ್ಲ. 2004ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ಸಂಪ್ರದಾಯಸ್ಥ ಯಹೂದಿ ಹೆಂಗಸರು ತಾವು ತೊಡುತ್ತಿದ್ದ ವಿಗ್ಗುಗಳನ್ನು ಬೀದಿಗೆ ತಂದು ಸುಟ್ಟರು. ಅದಕ್ಕೆ ಕಾರಣವಾದದ್ದು, ಆ ಕೂದಲು ಭಾರತದ ದೇವಸ್ಥಾನದಲ್ಲಿ ಅರ್ಪಣೆಯಾದದ್ದು, ನಮ್ಮ ಧರ್ಮಕ್ಕೆ ಒಗ್ಗದು ಎಂದು ಅವರ ಧರ್ಮಗುರುಗಳು ಕೊಟ್ಟ ತೀರ್ಪು. ಹರಾಜಿನಲ್ಲಿ ಕೊಂಡ ಸರಕಿನ ಬೆನ್ನಿಗೆ ತಿರುಮಲದ ಹರಕೆ ಬ್ರೂಕ್ಲಿನ್ನಿನವರೆಗೂ ಹೋಗಿತ್ತು.

ನಮ್ಮ ನಡುವೆಯೂ ಕೂದಲಿಗೆ ಒಂದೇ ಅರ್ಥವಿಲ್ಲ. ತಲೆಯ ಮೇಲಿದ್ದಾಗ ಅದು ಸೌಂದರ್ಯ, ಅನ್ನದ ತಟ್ಟೆಯಲ್ಲಿ ಸಿಕ್ಕಿದರೆ ಅಸಹ್ಯ. ಬಿಚ್ಚಿದ ಮುಡಿ ಎಂದೊಡನೆ ನೆನಪಾಗುವುದು ದ್ರೌಪದಿಯ ಸಿಟ್ಟು. ಹರಕೆಯಲ್ಲಿ ಮುಡಿಯನ್ನು ತಾನಾಗಿ ಕೊಡುವ ಹೆಣ್ಣಿನ ಪಕ್ಕದಲ್ಲೇ, ಗಂಡ ಸತ್ತನೆಂಬ ಕಾರಣಕ್ಕೆ ಮುಡಿಯನ್ನು ಕಳೆದುಕೊಂಡ ಹೆಣ್ಣೂ ನಿಂತಿದ್ದಾಳೆ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಓದಿದವರಿಗೆ, ಅದನ್ನೇ ಪ್ರೇಮಾ ಕಾರಂತರ ಸಿನಿಮಾದಲ್ಲಿ ನೋಡಿದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಭಕ್ತಿ, ಶಿಕ್ಷೆ, ವ್ಯಾಪಾರ, ದೃಷ್ಟಿನಿವಾರಣೆ ಎಲ್ಲವೂ ಸೇರಿ ಹೊಸೆದುಕೊಂಡಿರುವ ಹಗ್ಗ ಅದು. ಶೀಲಾ ಅವರು ಅದಕ್ಕೆ ಬಣ್ಣ ಬಳಿಯಲಿಲ್ಲ, ಮತ್ತೊಂದು ವಸ್ತುವಿನಂತೆ ಕಾಣಿಸಲೂ ಹೋಗಲಿಲ್ಲ. ಕೂದಲನ್ನು ಕೂದಲಾಗಿಯೇ ಬಿಟ್ಟರು.

ಕಲ್ಲಿನ ನಾಡಿನಲ್ಲಿ ಸೆಗಣಿ

ಶಿಲ್ಪ ಎಂದೊಡನೆ ಕನ್ನಡಿಗರ ಕಣ್ಣಿಗೆ ಕಟ್ಟುವುದು ಬೇಲೂರು. 1117ರಲ್ಲಿ ಪ್ರತಿಷ್ಠೆಗೊಂಡ ಚೆನ್ನಕೇಶವ ದೇವಾಲಯದ ಮದನಿಕೆಯರನ್ನು ನೋಡಿ ಬಂದವರು ಕಲ್ಲಿನಲ್ಲಿ ಅರಳಿದ ಮೈಯನ್ನು ಹೊಗಳುತ್ತಾರೆ. ಗಣಿಯಿಂದ ಬಂದಾಗ ಮೆದುವಾಗಿದ್ದು ಗಾಳಿಗೆ ಗಟ್ಟಿಯಾಗುವ ಬಳಪದ ಕಲ್ಲು ಬಳ್ಳಿಗಾವಿಯ ದಾಸೋಜನಂಥವರ ಉಳಿಗೆ ಎಷ್ಟು ಒಲಿದಿತ್ತೆಂದರೆ, ಬಳೆ, ಉಂಗುರ, ಬೆರಳ ಗಂಟು ಎಲ್ಲವೂ ಬಿಡಿಬಿಡಿಯಾಗಿ ಕಾಣುತ್ತವೆ. ಆ ಶಿಲ್ಪದ ಗೆಲುವಿರುವುದು ಕಲ್ಲನ್ನು ಮರೆಸುವುದರಲ್ಲಿ. ಕಲ್ಲು ಹಿಂದೆ ಸರಿದು ಮೈ ಮುಂದೆ ಬರುತ್ತದೆ.

ಶೀಲಾ ಅವರ ದಾರಿ ಇದಕ್ಕೆ ಪೂರ್ತಿ ಎದುರು. ಇಲ್ಲಿ ವಸ್ತು ಮರೆಯಾಗುವುದೇ ಇಲ್ಲ. ಅದು ಎಲ್ಲಿಂದ ಬಂತು, ಯಾರು ಮುಟ್ಟಿದರು, ಯಾವುದಕ್ಕೆ ಬಳಕೆಯಾಗುತ್ತಿತ್ತು ಎಂಬುದನ್ನೆಲ್ಲ ಹೊತ್ತುಕೊಂಡೇ ಅದು ಕೃತಿಯಾಗುತ್ತದೆ.

ಅವರು ಶುರು ಮಾಡಿದ್ದು ಚಿತ್ರಕಲೆಯಿಂದ. 1957ರಲ್ಲಿ ಹುಟ್ಟಿದ ಅವರು ಆರ್.ಎಂ. ಹಡಪದ್ ಅವರು ಕಟ್ಟಿದ ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ ಕಲಿತರು. ಅಲ್ಲಿಂದ ಶಾಂತಿನಿಕೇತನಕ್ಕೆ ಹೋದರು. ಜನಪದ ಕುಶಲಕರ್ಮ ಬೇರೆ, ಆಧುನಿಕ ಕಲೆ ಬೇರೆ ಎಂದು ಗೆರೆ ಎಳೆಯಲು ಒಪ್ಪದ ಕೆ.ಜಿ. ಸುಬ್ರಮಣ್ಯನ್ ಅಲ್ಲಿ ಪಾಠ ಹೇಳುತ್ತಿದ್ದ ಕಾಲ ಅದು. ಮುಂದೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಓದಿ 1986ರಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಆಗಿನ್ನೂ ಕ್ಯಾನ್ವಾಸು, ತೈಲವರ್ಣಗಳೇ ಅವರ ಒಡನಾಡಿಗಳು.

1992ರ ಡಿಸೆಂಬರಿನಲ್ಲಿ ಬಾಬರಿ ಮಸೀದಿ ಉರುಳಿತು. ಅದರ ಬೆನ್ನಿಗೆ ಮುಂಬೈ ಹೊತ್ತಿ ಉರಿಯಿತು. ಬೀದಿಯಲ್ಲಿ ಅಷ್ಟೊಂದು ಮೈಗಳು ಬಿದ್ದಿರುವಾಗ ಕ್ಯಾನ್ವಾಸಿನ ಮೇಲೆ ಮನುಷ್ಯಾಕೃತಿ ಬರೆಯುವುದಕ್ಕೆ ಏನು ಅರ್ಥ ಎಂಬ ಪ್ರಶ್ನೆ ಆ ತಲೆಮಾರಿನ ಹಲವು ಕಲಾವಿದರನ್ನು ಕಾಡಿತು. ಶೀಲಾ ಅವರು ಆ ದಿನಗಳಲ್ಲಿ ಕೈ ಹಾಕಿದ್ದು ಸೆಗಣಿಗೆ. ಮೊದಮೊದಲು ಚಿತ್ರದ ಮೇಲ್ಮೈಗೆ ಅದನ್ನು ಬಳಸಿದರು. ಆಮೇಲೆ ಉಂಡೆ, ಇಟ್ಟಿಗೆಗಳನ್ನು ಮಾಡಿ ನೆಲದ ಮೇಲಿಟ್ಟರು. 1996ರ ‘ಮಾರ್ಟರ್ ಲೈನ್’ ಕೃತಿಯಲ್ಲಿ ಸೆಗಣಿಯ ಇಟ್ಟಿಗೆಗಳು ಸಾಲಾಗಿ ನಿಂತಿವೆ. ಎರಡು ಸಾಲಿನ ನಡುವಿನ ಸಂದಿಯಲ್ಲಿ, ಗಾರೆ ಇರಬೇಕಾದ ಕಡೆ, ಕುಂಕುಮ ತುಂಬಿದೆ. ಅದನ್ನು ಗೋಡೆ ಎನ್ನಬಹುದು. ಮೈಯ ಮೇಲಿನ ಗಾಯದ ಗೆರೆ ಎಂದರೂ ತಪ್ಪಾಗದು.

ಸೆಗಣಿ ಎಂದರೆ ನಮ್ಮಲ್ಲಿ ಅಂಗಳ ಸಾರಿಸುವ ಕೈ, ಬೆರಣಿ ತಟ್ಟುವ ಕೈ. ಬೆರಣಿಗೆ ಉತ್ತರ ಕರ್ನಾಟಕದಲ್ಲಿ ಕುಳ್ಳು ಎನ್ನುತ್ತಾರೆ. ಹೆಸರು ಯಾವುದಾದರೂ ಕೆಲಸ ಹೆಂಗಸಿನದೇ. ಕೊಟ್ಟಿಗೆಯಿಂದ ಬಾಚಿ, ಹೊಟ್ಟು ಬೆರೆಸಿ, ಹದವಾಗಿ ನಾದಿ, ಗೋಡೆಗೆ ಪಟ್ಟನೆ ತಟ್ಟುತ್ತಾರೆ. ಒಣಗಿದ ಬೆರಣಿಯನ್ನು ಒಮ್ಮೆ ಗಮನಿಸಿ ನೋಡಿ. ಅಂಗೈಯ ಗುಂಡಿ ನಡುವೆ, ಐದು ಬೆರಳಿನ ಗುರುತು ಸುತ್ತ. ಬೆರಳು ಎಲ್ಲಿ ಹೆಚ್ಚು ಒತ್ತಿತು, ಕೈ ಯಾವ ಕಡೆಯಿಂದ ಬಂತು ಎಂಬುದು ಕೂಡ ಅದರಲ್ಲಿ ಉಳಿದಿರುತ್ತದೆ. ಒಲೆಗೆ ಹೋಗುವವರೆಗೂ ಆ ಬೆರಣಿ ತಟ್ಟಿದವಳ ಕೈಯನ್ನು ಹೊತ್ತುಕೊಂಡಿರುತ್ತದೆ. ಶಿಲ್ಪದಲ್ಲಿ ದೇಹವನ್ನು ತರಲು ದೇಹದ ಚಿತ್ರವೇ ಬೇಕಿಲ್ಲ, ದೇಹ ಒತ್ತಿ ಹೋದ ಜಾಗ ಸಾಕು ಎಂಬ ತಿಳಿವು ಈ ಬಡ ವಸ್ತುವಿನೊಳಗೇ ಇದೆ.

ಗೋವಿನ ಹೆಸರಿನಲ್ಲಿ ರಾಜಕಾರಣ ಬಿಸಿಯೇರುತ್ತಿದ್ದಾಗ ಗೋವಿನ ಸೆಗಣಿಯನ್ನು ಹಿಡಿದು ಕೂತದ್ದು ಸುಮ್ಮನೆ ಆದದ್ದಲ್ಲ. ಘೋಷಣೆಗಳ ಪವಿತ್ರ ಗೋವಿಗೂ ಕೊಟ್ಟಿಗೆಯ ದುಡಿಮೆಗೂ ನಡುವೆ ಇರುವ ದೂರವನ್ನು ಆ ಕೃತಿಗಳು ಯಾವ ಭಾಷಣವೂ ಇಲ್ಲದೆ ತೋರಿಸಿದವು.

ಸೂಜಿಯ ಕಣ್ಣಿನಿಂದ

1998ರ ‘ಆ್ಯಂಡ್ ಟೆಲ್ ಹಿಮ್ ಆಫ್ ಮೈ ಪೇನ್’ ಅವರ ಹೆಸರನ್ನು ದೂರದವರೆಗೆ ಒಯ್ದ ಕೃತಿ. ಅವನಿಗೆ ನನ್ನ ನೋವನ್ನೂ ಹೇಳು ಎಂಬ ಧಾಟಿಯ ಶೀರ್ಷಿಕೆ. ಕಣ್ಣಿಗೆ ಕಾಣುವುದು ಉದ್ದನೆಯ ಕೆಂಪು ಹಗ್ಗಗಳು. ಕೋಣೆಯ ತುಂಬ ಅವು ಗೋಡೆಯಿಂದ ಗೋಡೆಗೆ ಹಾಯುತ್ತವೆ, ಕೆಳಗಿಳಿದು ನೆಲದ ಮೇಲೆ ಸುರುಳಿಯಾಗುತ್ತವೆ, ಮತ್ತೆ ಮೇಲೇಳುತ್ತವೆ. ಹತ್ತಿರ ಹೋಗುವ ತನಕ ಅವು ಗಾಳಿಯಲ್ಲಿ ಎಳೆದ ಗೆರೆಗಳು. ಹತ್ತಿರ ಹೋದಮೇಲೆ ಕರುಳು, ನರ, ಹೊಕ್ಕುಳಬಳ್ಳಿ. ಹಗ್ಗದ ತುದಿಯಲ್ಲಿ ಸೂಜಿಗಳ ಗೊಂಚಲು ಮಿನುಗುತ್ತದೆ.

ಇದನ್ನು ಮಾಡಿದ ರೀತಿಯನ್ನು ತಿಳಿದರೆ ಕೃತಿ ಬೇರೆಯಾಗಿ ಕಾಣುತ್ತದೆ. ಮಾಮೂಲಿ ಹೊಲಿಗೆಯ ಸೂಜಿ, ಮಾಮೂಲಿ ದಾರ. ಮನೆಯಲ್ಲಿ ಗುಂಡಿ ಹಾಕುವಾಗ ಮೊಳದುದ್ದ ದಾರ ಪೋಣಿಸಿ ಗಂಟು ಹಾಕುತ್ತೇವೆ. ಇಲ್ಲಿ ನೂರಾರು ಅಡಿ ಉದ್ದದ ದಾರವನ್ನು ಒಂದು ಸೂಜಿಯ ಕಣ್ಣಿನೊಳಗೆ ತೂರಿಸಿ, ಅದರ ನಟ್ಟನಡು ಬರುವ ತನಕ ಎಳೆಯುತ್ತಲೇ ಹೋಗಬೇಕು. ಎರಡೆಳೆಯಾದ ಮೇಲೆ ಇನ್ನೊಂದು ಸೂಜಿ, ಇನ್ನೊಂದು ದಾರ. ಹೀಗೆ ಒಂದೊಂದು ಹಗ್ಗಕ್ಕೂ ಹತ್ತಾರು ಸೂಜಿ. ಕೊನೆಗೆ ಎಲ್ಲ ಎಳೆಗಳನ್ನೂ ಒಟ್ಟುಗೂಡಿಸಿ, ಕುಂಕುಮ ಕಲೆಸಿದ ಅಂಟನ್ನು ಅಂಗೈಯಲ್ಲಿ ಹಚ್ಚಿ ಉದ್ದಕ್ಕೂ ಸವರುತ್ತ ಹೋಗಬೇಕು. ದಾರಗಳು ಒಂದಕ್ಕೊಂದು ಅಂಟಿ ಹಗ್ಗವಾಗುತ್ತವೆ. ಸೂಜಿಗಳು ಕಳಚದೆ ತುದಿಯಲ್ಲೇ ಉಳಿಯುತ್ತವೆ.

ಇದರಲ್ಲಿ ಕೌಶಲಕ್ಕಿಂತ ಹೆಚ್ಚಾಗಿ ಬೇಕಾದದ್ದು ಸೈರಣೆ. ಅದೇ ಎಳೆತ, ಅದೇ ಸವರುವಿಕೆ, ದಿನಗಟ್ಟಲೆ. ಅಕ್ಕಿ ಆರಿಸುವ, ಹೂ ಕಟ್ಟುವ, ಬೀಡಿ ಸುತ್ತುವ ಕೈಗಳಿಗೆ ಈ ಬಗೆಯ ಹೊತ್ತು ಚೆನ್ನಾಗಿ ಗೊತ್ತು. ಮಾಡಿ ಮುಗಿಸಿದ್ದು ಕಣ್ಣಿಗೆ ಕಾಣದ, ನಾಳೆ ಮತ್ತೆ ಮೊದಲಿನಿಂದ ಮಾಡಬೇಕಾದ ಕೆಲಸ ಅದು. ಸೂಜಿಯಿಂದ ಹೊಲಿಯಬಹುದು, ಚುಚ್ಚಲೂಬಹುದು. ಹಣೆಯ ಮೇಲಿನ ಕುಂಕುಮ ಮುತ್ತೈದೆತನದ ಗುರುತು. ಹಗ್ಗವಿಡೀ ಬಳಿದಾಗ ಅದು ರಕ್ತದ ಬಣ್ಣ. ನೋವನ್ನು ಹೇಳು ಎನ್ನುವ ಕೃತಿಯಲ್ಲಿ ಅಳುವ ಮುಖ ಒಂದೂ ಇಲ್ಲ. ನೋವು ಇರುವುದು ಉದ್ದದಲ್ಲಿ, ಮಾಡಿದ್ದನ್ನೇ ಮಾಡಿದ ಹೊತ್ತಿನಲ್ಲಿ.

ಇನ್ನೊಂದು ವಿಷಯವನ್ನೂ ಗಮನಿಸಬೇಕು. ಈ ಹಗ್ಗಗಳಿಗೆ ಖಾಯಂ ಆಕಾರವಿಲ್ಲ. ಪ್ರತಿ ಪ್ರದರ್ಶನದಲ್ಲೂ ಶೀಲಾ ಅವರು ಕೋಣೆಯ ಅಳತೆ, ಎತ್ತರ, ಮೂಲೆಗಳನ್ನು ನೋಡಿ ಹೊಸದಾಗಿ ಹಾಯಿಸುತ್ತಾರೆ. ನೋಡುವವರು ಅದರ ನಡುವೆ ಬಗ್ಗಿ, ಬಳಸಿ, ತಗುಲದಂತೆ ಎಚ್ಚರವಾಗಿ ನಡೆಯಬೇಕು. ಅಷ್ಟರಲ್ಲಿ ಅವರ ಮೈಯೂ ಕೃತಿಯೊಳಗೆ ಬಂದಾಗಿರುತ್ತದೆ.

ಬೂದಿಯಾಗುವ ಕೆಲಸ, ತಗಡಿನ ಮನೆ

2007ರಲ್ಲಿ ಜರ್ಮನಿಯ ಕಾಸೆಲ್ ನಗರದಲ್ಲಿ ನಡೆದ ಡಾಕ್ಯುಮೆಂಟಾ 12 ಕಲಾಪ್ರದರ್ಶನಕ್ಕೆ ಅವರು ಒಯ್ದದ್ದು ಊದುಬತ್ತಿಯ ಹಿಟ್ಟನ್ನು. ಇದ್ದಿಲ ಪುಡಿಗೆ ಮರದ ತೊಗಟೆಯ ಜಿಗಟು ಪುಡಿ ಸೇರಿಸಿ ನಾದಿದ ಈ ಕಪ್ಪು ಹಿಟ್ಟನ್ನು ಮೈಸೂರು, ಬೆಂಗಳೂರಿನ ಎಷ್ಟೋ ಮನೆಗಳ ಪಡಸಾಲೆಯಲ್ಲಿ ಹೆಂಗಸರು ಕಡ್ಡಿಗೆ ಹೊಸೆಯುತ್ತ ಬಂದಿದ್ದಾರೆ. ಕೂಲಿ ಸಾವಿರ ಕಡ್ಡಿಯ ಲೆಕ್ಕದಲ್ಲಿ. ದೇವರ ಮುಂದೆ ಸ್ವಲ್ಪ ಹೊತ್ತು ಘಮಘಮಿಸಿ ಬೂದಿಯಾಗುವ ಕಡ್ಡಿಯ ಹಿಂದೆ ಯಾವ ಅಂಗೈ ಇತ್ತೆಂದು ಯಾರೂ ಕೇಳುವುದಿಲ್ಲ.

‘ಕೊಲ್ಯಾಟರಲ್’ ಎಂಬ ಆ ಕೃತಿಗೆ ಅವರು ಹಿಟ್ಟನ್ನು ಲಟ್ಟಿಸಿ, ಬಗೆಬಗೆಯ ಆಕಾರ ಮಾಡಿ, ಜಾಲರಿ ಬಿಗಿದ ಚೌಕಟ್ಟುಗಳ ಮೇಲೆ ಹರಡಿ ಬೆಂಕಿ ತಾಗಿಸಿದರು. ಬೆಂಕಿ ಉರಿಯಾಗದೆ ಒಳಗೊಳಗೇ ಹರಿದು ಎಲ್ಲವನ್ನೂ ಬೂದಿ ಮಾಡಿತು. ಆದರೆ ಬೂದಿ ಉದುರಲಿಲ್ಲ. ಹಿಟ್ಟಿನ ಆಕಾರವನ್ನೇ ಉಳಿಸಿಕೊಂಡು ನಿಂತಿತು. ಮೇಲಿನಿಂದ ಬಗ್ಗಿ ನೋಡಿದರೆ ಬಾಂಬು ಬಿದ್ದು ಸುಟ್ಟುಹೋದ ಊರಿನ ವಿಮಾನನೋಟ. ಯುದ್ಧದ ವರದಿಗಳಲ್ಲಿ ಸತ್ತ ಅಮಾಯಕರನ್ನು ‘ಆನುಷಂಗಿಕ ಹಾನಿ’ (ಕೊಲ್ಯಾಟರಲ್ ಡ್ಯಾಮೇಜ್) ಎಂದು ಲೆಕ್ಕಕ್ಕೆ ಬರೆದುಕೊಳ್ಳುವ ಕಾಲದಲ್ಲಿ ಈ ಶೀರ್ಷಿಕೆಗೆ ಬೇರೆ ವಿವರಣೆ ಬೇಡ.

ಅದಕ್ಕೂ ಒಂದು ವರ್ಷ ಮೊದಲಿನ ‘ಡಾರ್ಕ್‌ರೂಮ್’ ಡಾಂಬರು ಡ್ರಮ್ಮುಗಳಿಂದ ಕಟ್ಟಿದ್ದು. ರಸ್ತೆ ಕೆಲಸ ನಡೆಯುವಲ್ಲಿ ಖಾಲಿ ಡ್ರಮ್ಮನ್ನು ಸೀಳಿ, ಬಡಿದು ಚಪ್ಪಟೆ ಮಾಡಿ, ಆ ತಗಡಿನಲ್ಲೇ ಕೂಲಿಯವರು ಗುಡಿಸಲು ಕಟ್ಟಿಕೊಳ್ಳುವುದನ್ನು ನಾವೆಲ್ಲ ಬಸ್ಸಿನ ಕಿಟಕಿಯಿಂದ ಕಂಡಿದ್ದೇವೆ. ಶೀಲಾ ಅವರು ಡ್ರಮ್ಮುಗಳನ್ನು ಒಂದರ ಮೇಲೊಂದು ಪೇರಿಸಿ ಕಂಬ ನಿಲ್ಲಿಸಿದರು, ತಗಡುಗಳಿಂದ ಗೋಡೆ ಮಾಡಿದರು. ಎದುರಿನಿಂದ ನೋಡಿದರೆ ಕೋಟೆಯ ಗತ್ತು. ಒಳಗೆ ಹೋಗಬೇಕಾದರೆ ಮಾತ್ರ ಬೆನ್ನು ಬಗ್ಗಿಸಬೇಕು. ಒಳಗೆ ಡಾಂಬರು ಮೆತ್ತಿದ ಕತ್ತಲೆ. ತಲೆಯೆತ್ತಿದರೆ ಮಾಡಿನ ತಗಡಿನಲ್ಲಿ ಕೊರೆದ ಸಣ್ಣ ತೂತುಗಳಿಂದ ಬೆಳಕು ಇಳಿದು, ಮೇಲೆ ನಕ್ಷತ್ರ ತುಂಬಿದ ಆಕಾಶವಿದ್ದಂತೆ ಕಾಣುತ್ತದೆ. ಊರೂರಿಗೆ ರಸ್ತೆ ಹಾಕುತ್ತ ಹೋಗುವವರು ಎಷ್ಟು ಜಾಗದಲ್ಲಿ ಮೈ ಮುದುರಿಕೊಂಡು ಮಲಗುತ್ತಾರೆ ಎಂಬುದನ್ನು ನೋಡುಗರ ಸೊಂಟ, ಮೊಣಕಾಲುಗಳೇ ಅಳೆದು ಹೇಳುತ್ತವೆ. ಇದೇ ಡ್ರಮ್ಮು, ಟಾರ್ಪಾಲುಗಳನ್ನು ಬಳಸಿದ ಇನ್ನೊಂದು ಕೃತಿಗೆ ಅವರು ಇಟ್ಟ ಹೆಸರು ಅಪ್ಪಟ ಕನ್ನಡದ್ದು: ‘ಕಾಗೆಬಂಗಾರ’.

ಬೀದಿಗೆ ಬಿದ್ದ ಒರಳು

2012ರಲ್ಲಿ ಮೊದಲ ಕೊಚ್ಚಿ-ಮುಜಿರಿಸ್ ಬಿನಾಲೆ ನಡೆದಾಗ ಶೀಲಾ ಅವರು ಪತಿ, ಸ್ವಿಸ್ ಮೂಲದ ಕಲಾವಿದ ಕ್ರಿಸ್ಟೋಫ್ ಸ್ಟೋರ್ಜ್ ಜೊತೆಗೂಡಿ ‘ಸ್ಟಾಪ್‌ಓವರ್’ ರೂಪಿಸಿದರು. ಅದರಲ್ಲಿದ್ದದ್ದು ಬೆಂಗಳೂರಿನಿಂದ ತಂದ ಸುಮಾರು 170 ಒರಳುಕಲ್ಲುಗಳು. ಮಿಕ್ಸಿ, ಗ್ರೈಂಡರು ಬಂದಮೇಲೆ ಅಡುಗೆಮನೆಯಲ್ಲಿ ಒರಳಿಗೆ ಕೆಲಸವಿಲ್ಲ. ಹಳೆ ಮನೆ ಕೆಡವಿ ಅಪಾರ್ಟ್‌ಮೆಂಟು ಕಟ್ಟುವಾಗ ಅದಕ್ಕೆ ಜಾಗವೂ ಇಲ್ಲ. ಆದರೆ ಹಬ್ಬಕ್ಕೆ ಅರಿಶಿನ ಕುಂಕುಮ ಹಚ್ಚಿಸಿಕೊಂಡ ಕಲ್ಲನ್ನು ಒಡೆಯಲು ಮನಸ್ಸು ಬಾರದು, ಮಾರಲೂ ಆಗದು. ಹಾಗಾಗಿ ರಸ್ತೆಬದಿಯಲ್ಲಿ, ಮರದ ಬುಡದಲ್ಲಿ ಇಟ್ಟು ಸುಮ್ಮನೆ ಬಂದುಬಿಡುತ್ತಾರೆ. ಅಂಥ ಕಲ್ಲುಗಳು ಒಂದು ಕಾಲದಲ್ಲಿ ಮೆಣಸಿನ ವ್ಯಾಪಾರಕ್ಕೆ ಹೆಸರಾಗಿದ್ದ ಕೊಚ್ಚಿಯ ಬಂದರಿನಂಚಿನ ಆಸ್ಪಿನ್‌ವಾಲ್ ಹೌಸ್ ತಲುಪಿದವು.

ಒರಳಿನ ಗುಂಡಿ ಇಳಿದಿರುವುದು ಕಲ್ಲುಕುಟಿಗನ ಉಳಿಯಿಂದ ಮಾತ್ರವಲ್ಲ. ಎರಡು ಮೂರು ತಲೆಮಾರಿನ ಹೆಂಗಸರ ರಟ್ಟೆ ತಿರುವಿ ತಿರುವಿ ಅದನ್ನು ನುಣುಪು ಮಾಡಿದೆ, ಆಳ ಮಾಡಿದೆ. ಆ ಅರ್ಥದಲ್ಲಿ ಅದು ಎಷ್ಟೋ ಜನ ಸೇರಿ, ತಾವು ಶಿಲ್ಪ ಮಾಡುತ್ತಿದ್ದೇವೆಂದು ಅರಿಯದೆಯೇ ಮಾಡಿದ ಶಿಲ್ಪ.

ಮನುಷ್ಯಾಕೃತಿ ಅವರ ಕೆಲಸದಲ್ಲಿ ಬಂದೇ ಇಲ್ಲ ಎನ್ನಲಾಗದು. 2011ರ ‘ಆಫ್ ಆಲ್ ಪೀಪಲ್’ ಕೃತಿಯಲ್ಲಿ ಹಳೆಯ ಮನೆಯ ಬಾಗಿಲು, ಕಿಟಕಿ, ಚೌಕಟ್ಟುಗಳ ನಡುವೆ ಸಾವಿರಾರು ಪುಟ್ಟ ಮರದ ಚೂರುಗಳಿವೆ. ನೆಲದ ಮೇಲೆ ಚೆಲ್ಲಿದ ಸೌದೆ ಚಕ್ಕೆ ಎಂದುಕೊಂಡು ಬಗ್ಗಿದರೆ ಒಂದೊಂದರಲ್ಲೂ ತಲೆ, ಹೆಗಲು, ಮುಂಡ ಮೂಡುತ್ತವೆ. ಹರಕೆಗೆ ಒಪ್ಪಿಸುವ ಗೊಂಬೆಗಳ ಜಾತಿಗೆ ಸೇರಿದ ಆಕೃತಿಗಳು ಅವು, ನಾಲ್ಕಾರು ಏಟಿಗೆ ಮನುಷ್ಯನಾಗಿ ನಿಲ್ಲುವಂಥವು. ಕಣ್ಣು ಬೇನೆಗೆ ಬೆಳ್ಳಿಯ ಕಣ್ಣು ಒಪ್ಪಿಸುವ ನಮ್ಮ ಜನಕ್ಕೆ, ಮೈಯ ಬದಲು ಮೈಯ ಗುರುತನ್ನು ಕೊಡುವ ಪದ್ಧತಿ ಹೊಸತಲ್ಲ.

ಮೈಗೆ ಬೇರೆ ದಾರಿಗಳು

ಇದೇ ಕಾಲದಲ್ಲಿ ಬೇರೆಯವರು ಬೇರೆ ದಾರಿ ಹಿಡಿದರು. ಕೆ.ಜಿ. ಸುಬ್ರಮಣ್ಯನ್ ಅವರ ಬಳಿ ಬರೋಡದಲ್ಲಿ ಕಲಿತ ಮೃಣಾಲಿನಿ ಮುಖರ್ಜಿ ಬಣ್ಣ ಹಾಕಿದ ನಾರಿನ ಹುರಿಯನ್ನು ಗಂಟು ಹಾಕುತ್ತ ಆಳೆತ್ತರದ ಯಕ್ಷಿಯರನ್ನು ನಿಲ್ಲಿಸಿದರು. ಬೆಂಗಳೂರಿನ ಎನ್. ಪುಷ್ಪಮಾಲಾ ಬರೋಡದಲ್ಲಿ ಶಿಲ್ಪಕಲೆ ಕಲಿತು, ಹೆಣ್ಣುಮಕ್ಕಳ ಸುಡುಮಣ್ಣಿನ ಮೂರ್ತಿಗಳಿಂದ ಹೆಸರು ಮಾಡಿದರು. ಆಮೇಲೆ ಮಣ್ಣನ್ನು ಬಿಟ್ಟು ತಮ್ಮ ಮೈಯನ್ನೇ ಸಾಮಗ್ರಿ ಮಾಡಿಕೊಂಡು, ವೇಷ ತೊಟ್ಟು ಕ್ಯಾಮೆರಾ ಮುಂದೆ ನಿಂತರು. ಮೃಣಾಲಿನಿಯವರಲ್ಲಿ ವಸ್ತು ಮೈಯಾಗುತ್ತದೆ, ಪುಷ್ಪಮಾಲಾ ಅವರಲ್ಲಿ ಮೈ ಚಿತ್ರವಾಗುತ್ತದೆ. ಶೀಲಾ ಅವರಲ್ಲಿ ಮೈ ಅಲ್ಲಿಂದ ಎದ್ದುಹೋಗಿರುತ್ತದೆ. ಅದು ಬಿಟ್ಟುಹೋದದ್ದು, ಸವೆಸಿದ್ದು, ಹೊತ್ತದ್ದು ಮಾತ್ರ ನಮ್ಮ ಪಾಲಿಗೆ ಉಳಿಯುತ್ತದೆ.

ಕೇಳಬೇಕಾದ ಪ್ರಶ್ನೆಗಳು

ಈ ಕಲೆಯ ಬಗ್ಗೆ ಎತ್ತಬಹುದಾದ ಆಕ್ಷೇಪಗಳು ಸಣ್ಣವಲ್ಲ. ಸೆಗಣಿ, ಕುಂಕುಮ, ಊದುಬತ್ತಿ, ಮುಡಿ ಎಂದರೆ ಪಶ್ಚಿಮದವರ ಕಣ್ಣಿಗೆ ಥಟ್ಟನೆ ಭಾರತವಾಗಿ ಕಾಣುವ ಸರಕು. ಅದನ್ನೇ ಒಯ್ದು ವೆನಿಸ್, ಕಾಸೆಲ್, ಲಂಡನ್ನಿನಲ್ಲಿ ಇಟ್ಟರೆ ಅವರಿಗೆ ಬೇಕಾದ ಭಾರತವನ್ನೇ ಬಡಿಸಿದಂತಾಗದೆ? ಬಡವರ ದುಡಿಮೆ, ಹೆಸರಿಲ್ಲದವರ ಕೂದಲು ಗ್ಯಾಲರಿಯಲ್ಲಿ ಒಬ್ಬ ಕಲಾವಿದೆಯ ಹೆಸರಿನ ಕೃತಿಯಾದಾಗ ಅದರಲ್ಲಿ ಕೊಟ್ಟವರ ಪಾಲೇನು?

ಮೊದಲನೆಯದಕ್ಕೆ ಉತ್ತರ ಕೃತಿಗಳಲ್ಲೇ ಇದೆ. ಶೀಲಾ ಅವರು ಆಯ್ದುಕೊಳ್ಳುವ ವಸ್ತುಗಳಲ್ಲಿ ಡಾಂಬರು ಡ್ರಮ್ಮು, ಟಾರ್ಪಾಲು, ಬಂಪರುಗಳೂ ಇವೆ. ಬಂಪರಿಗೆ ಕೂದಲ ಹಗ್ಗ ಸುತ್ತುವುದು ಪುರಾತನ ಭಾರತದ ಕುರುಹಲ್ಲ, ಮೋಟಾರು ವಾಹನ ಬಂದಮೇಲೆ ಹುಟ್ಟಿದ ಪದ್ಧತಿ. ಹರಕೆಯ ಮುಡಿಯನ್ನೂ ಕಾರ್ಖಾನೆಯ ಉಕ್ಕನ್ನೂ ಒಂದೇ ಗಂಟಿನಲ್ಲಿ ಬಿಗಿದು ತೋರಿಸುವವರು ಸನಾತನ ಭಾರತದ ಪ್ರದರ್ಶನ ಮಾಡುತ್ತಿಲ್ಲ. ಎರಡನೆಯ ಪ್ರಶ್ನೆ ಮಾತ್ರ ಅಷ್ಟು ಸುಲಭಕ್ಕೆ ತೀರುವಂಥದ್ದಲ್ಲ, ತೀರಬೇಕಾಗಿಯೂ ಇಲ್ಲ. ‘ಬಿಹೋಲ್ಡ್’ ಮುಂದೆ ನಿಂತವರಿಗೆ ಈ ಕೂದಲು ಯಾರದು ಎಂಬ ಪ್ರಶ್ನೆ ಹುಟ್ಟಿದರೆ ಕೃತಿ ತನ್ನ ಕೆಲಸ ಮಾಡಿದೆ ಎಂದೇ ಅರ್ಥ. ವಿಗ್ ತೊಟ್ಟವರಿಗೆ, ಬಂಪರಿಗೆ ಹಗ್ಗ ಸುತ್ತಿದವರಿಗೆ ಆ ಪ್ರಶ್ನೆ ಹುಟ್ಟುವುದು ಕಡಿಮೆ.

ಇನ್ನು ಬಾಳಿಕೆ. ಬೇಲೂರಿನ ಕಲ್ಲು ಒಂಬೈನೂರು ವರ್ಷ ಕಂಡಿದೆ. ಸೆಗಣಿಗೆ ಹುಳ ಬೀಳುತ್ತದೆ, ಕೆರಾಟಿನ್ನನ್ನು ನುಸಿ ತಿನ್ನುತ್ತದೆ, ಬೂದಿ ಉಸಿರು ತಾಗಿದರೂ ಕುಸಿಯುತ್ತದೆ. ಇಂಥ ವಸ್ತುಗಳನ್ನು ಸಂಗ್ರಹಾಲಯಗಳು ಅತಿಶೀತದಲ್ಲಿಟ್ಟು ಕೀಟ ಕೊಂದು, ತೇವ ಅಳೆದು, ಮಗುವಿನಂತೆ ಸಾಕಬೇಕಾಗುತ್ತದೆ. ಮೈಯಿಂದ ಬಂದದ್ದಕ್ಕೆ ಮೈಯದೇ ಆಯುಸ್ಸು. ಬಾಳಿಕೆ ಬರಲಿ ಎಂಬ ಆಸೆಗಾಗಿ ಅವರು ವಸ್ತುವನ್ನು ಬದಲಿಸಿದ್ದರೆ ಹೇಳಬೇಕಾದ ಮಾತೇ ಬಿದ್ದುಹೋಗುತ್ತಿತ್ತು.

ಹೊರಗೆ ಅವರಿಗೆ ಮನ್ನಣೆಗೆ ಕೊರತೆಯಾಗಿಲ್ಲ. 2014ರಲ್ಲಿ ಹ್ಯೂಗೋ ಬಾಸ್ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲಿದ್ದರು; 2019ರಲ್ಲಿ ಮಾರಿಯಾ ಲಾಸ್ನಿಗ್ ಪ್ರಶಸ್ತಿ ಬಂತು; ಅದೇ ವರ್ಷ ಮಿಲಾನಿನ ಪಿರೆಲಿ ಹ್ಯಾಂಗರ್‌ಬಿಕೋಕಾದಲ್ಲಿ, ಮರುವರ್ಷ ಮ್ಯೂನಿಕ್ಕಿನ ಲೆನ್‌ಬಾಖ್‌ಹೌಸ್‌ನಲ್ಲಿ ಅವರ ದೊಡ್ಡ ಪ್ರದರ್ಶನಗಳಾದವು. ಕನ್ನಡದಲ್ಲಿ ಅವರ ಬಗ್ಗೆ ನಡೆದಿರುವ ಮಾತು ಇದಕ್ಕೆ ಹೋಲಿಸಿದರೆ ಕಡಿಮೆ. ಇಂಥ ಕೃತಿಗಳಿಗಿರುವ ಇನ್‌ಸ್ಟಲೇಷನ್ ಎಂಬ ಹೆಸರು ಕೇಳಿದೊಡನೆ ನಮಗೆ ಅರ್ಥವಾಗದ್ದು ಎಂದು ಹಿಂದೆ ಸರಿಯುವವರೇ ಹೆಚ್ಚು.

ನಿಜಕ್ಕೂ ಇಲ್ಲಿ ಅನುಕೂಲ ಇರುವುದು ನಮಗೇ. ಮ್ಯೂನಿಕ್ಕಿನ ನೋಡುಗರು ಬೆರಣಿ, ಜಿಗಟು, ಕಲ್ಯಾಣಕಟ್ಟೆ ಎಂದರೇನೆಂದು ಗೋಡೆಯ ಮೇಲಿನ ಫಲಕ ಓದಿ ತಿಳಿಯಬೇಕು. ನಮ್ಮಲ್ಲಿ ಎಷ್ಟೋ ಜನರ ಅಂಗೈಗೆ ಅದು ಗೊತ್ತು. ಸೆಗಣಿಗೆ ಎಷ್ಟು ಹೊಟ್ಟು ಬೆರೆಸಿದರೆ ಬಿರುಕು ಬಿಡುವುದಿಲ್ಲ, ಹುರಿ ಹೊಸೆಯುವಾಗ ತೊಡೆಯ ಮೇಲೆ ಎಷ್ಟು ಒತ್ತಬೇಕು, ಹೊಸ ಒರಳು ಪಳಗಲು ಎಷ್ಟು ದಿನ ಬೇಕು ಎಂಬುದು ಯಾವ ಕಲಾವಿಮರ್ಶಕರಿಗಿಂತಲೂ ಅವರಿಗೆ ಚೆನ್ನಾಗಿ ತಿಳಿದಿದೆ. ಈ ಶಿಲ್ಪಗಳನ್ನು ಓದಲು ಬೇಕಾದದ್ದು ಮುಕ್ಕಾಲು ಪಾಲು ಅದೇ ತಿಳಿವಳಿಕೆ. ಇಂಥ ಪ್ರದರ್ಶನ ನಿಮ್ಮೂರ ಹತ್ತಿರ ಬಂದರೆ ಮನೆಯ ಅಜ್ಜಿಯನ್ನೋ ಅತ್ತೆಯನ್ನೋ ಜೊತೆಗೆ ಕರೆದುಕೊಂಡು ಹೋಗಿ. ಫಲಕ ಓದುವುದನ್ನು ಆಮೇಲೆ ನೋಡಿಕೊಳ್ಳಬಹುದು, ಮೊದಲು ಅವರು ಏನು ಹೇಳುತ್ತಾರೋ ಕೇಳಿ.